ಹೊನ್ನಯ್ಯನ ಉಸಿರಿಗೆ ಮುದ್ದೆ ಅಡ್ಡ

ಕೊತ್ತತ್ತಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆಟ್ಟಮ್ಮನವರ ತೆರೆದ ಬಾವಿಯ ಕಟ್ಟೆ ಮೇಲೆ ಬೆಳಕವಾಡಿಯ ಮುಳುಗು ತಜ್ಞ ಹೊನ್ನಯ್ಯ ಚಡ್ಡಿಯಲ್ಲಿ ನಡುಗುತ್ತಾ ನಿಂತಿದ್ದಾರೆ. ತಳದಲ್ಲಿ ಪಂಪಿನ ಪೈಪಿನ ಬಾಯಿಗೆ ಗೊಬ್ಬರದ ಚೀಲ ಸುತ್ತಿಕೊಂಡಿದೆ. ನಾಲೆಗೆ ನೀರು ಬಿಟ್ಟಿಲ್ಲ, ಭತ್ತದ ಸಸಿ ಬೆಳೆಸುವ ಒಟ್ಟಲು ಒಣಗುತ್ತಿದೆ. ಬೆಳಗಿನ ತ್ರೀಫೇಸ್ ಕರೆಂಟು ಹೋಗುವುದರೊಳಗೆ ಚೀಲ ಬಿಡಿಸದಿದ್ದರೆ ಸಸಿಗಳ ಕಥೆ ಮುಗಿಯಿತು.

ಅಷ್ಟರಲ್ಲಿ ಬೆಟ್ಟಮ್ಮ ತಟ್ಟೆ ಹಿಡಿದು ಬರುತ್ತಾರೆ. ಬಿಸಿ ಮುದ್ದೆ, ಉಪ್ಸಾರು.

"ಮುಳ್ಗಕ್ ಮುಂಚೆ ಉಣ್ಣಂಗಿಲ್ಲ ಕಣವ್ವ."

"ಕೆಲ್ಸಕ್ ಬಂದೋನ್ನ ಬರೀ ಒಟ್ಟೇಲಿ ನೀರಿಗಿಳ್ಸಿದ್ರೆ ಊರೋರು ನನ್ ಮಕಕ್ ಉಗೀತಾರೆ. ಮುದ್ದೆ ಇಲ್ದೆ ಸಕ್ತಿ ಎಲ್ಲಿಂದ ಬಂದದ್ಲಾ? ಕುತ್ಕೊ!"

ಈ ಸೀಮೆಯಲ್ಲಿ ಮೊಸಳೆಗೆ ಬೇಕಾದರೂ ಎದುರಾಡಬಹುದು, ಮುದ್ದೆ ಹಿಡಿದ ಹೆಂಗಸಿಗೆ ಆಗದು. ಹೊನ್ನಯ್ಯ ಉಣ್ಣುತ್ತಾರೆ, ಧುಮುಕುತ್ತಾರೆ. ಕಲ್ಲಿನಂತೆ ಹೋದವರು ಬೆಂಡಿನಂತೆ ತೇಲಿ ಬಂದು ಏದುಸಿರು ಬಿಡುತ್ತಾರೆ.

"ಉಸ್ರಿಗೆ ಜಾಗವೇ ಇಲ್ಲ ಕಣವ್ವ! ಎಲ್ಲಾನೂ ಮುದ್ದೆ ಇಡ್ಕೊಂಡದೆ."

"ಇನ್ನೊಂದ್ ಉಂಡ್ಬುಡು," ಎನ್ನುತ್ತಾರೆ ಬೆಟ್ಟಮ್ಮನ ಮಗ ನಾಗರಾಜು, "ಬಾರಕ್ಕೆ ನೀನೇ ತಳಕ್ ಓಯ್ತೀಯ."

ಹೊಟ್ಟೆ ತುಂಬಿದರೆ ಎದೆ ಹಿಗ್ಗುವುದಿಲ್ಲ. ಮೈಯ ರಕ್ತವೂ ಅರಗಿಸಲು ಅತ್ತಲೇ ಓಡುತ್ತದೆ. ಕೈಕಾಲು ಬಡಿದಷ್ಟೂ ಉಸಿರು ಬೇಗ ತೀರುತ್ತದೆ. ಕೆಳಗೆ ಹೋದಂತೆ ನೀರು ಕಿವಿಯನ್ನು ಒತ್ತುತ್ತದೆ, ಮೂಗು ಹಿಡಿದು ಒಳಗಿನಿಂದಲೇ ಊದಬೇಕು. "ತಣ್ಣೀರಿಗಿಳುದ್ರೆ ಎದೆ ಬಡ್ತಾನೇ ನಿದಾನ ಆಯ್ತದೆ," ಎನ್ನುತ್ತಾರೆ ಹೊನ್ನಯ್ಯ. "ಮೈಗೆ ಬುದ್ದಿ ಅದೆ. ನಾವು ಆತ್ರ ಪಡಬಾರ್ದು ಅಷ್ಟೆ." ಕಲಿಸಿದ್ದು ಅವರ ಅಪ್ಪ, ಕಾವೇರಿಯ ಮಡುಗಳಲ್ಲಿ.

ಜನಕ್ಕೆ ಹೊನ್ನಯ್ಯ ನೆನಪಾಗುವುದು ಏನಾದರೂ ಮುಳುಗಿದಾಗ ಮಾತ್ರ. ಮೋಟರು, ಬೈಕು, ಒಮ್ಮೊಮ್ಮೆ ಮನುಷ್ಯ. ಹೆಣ ಎತ್ತಿಸಿದ ಸಾಹೇಬರು ಫೋಟೊ ಹೊತ್ತಿಗೆ, "ಒದ್ದೆಯಾಗಿದ್ದೀಯ, ಪಕ್ಕಕ್ಕೆ ಹೋಗು" ಎನ್ನುತ್ತಾರೆ. ನದಿಗೆ ಇಳಿದವನು ಇಸ್ತ್ರಿ ಮಾಡಿಸಿಕೊಂಡು ಮೇಲೆ ಬರಬೇಕಿತ್ತೇನೋ!

ಈಗ ಮೂವರೂ ಕಟ್ಟೆ ಮೇಲೆ ಕೂತು ಮುದ್ದೆ ಅರಗುವುದನ್ನೇ ಕಾಯುತ್ತಿದ್ದಾರೆ.

"ತೇಗು ಬಂತಾ?" ನಾಗರಾಜು ಕೇಳುತ್ತಾರೆ.

"ಬಂತು ಕಣಪ್ಪ."

"ಇನ್ನೊಂದು?"

"ತೇಗ್ನೂ ಬಾವಿಯಿಂದ ಎತ್ತಕಾಯ್ತದ್ಲಾ?"

ಕರೆಂಟು ಹೋಗುವ ಹೊತ್ತು ಹತ್ತಿರವಾದಾಗ ಹೊನ್ನಯ್ಯ ಏಳುತ್ತಾರೆ. ಉದ್ದಕ್ಕೆ ಉಸಿರೆಳೆದು ಮುಳುಗುತ್ತಾರೆ. ಗುಳ್ಳೆ ಬರುವುದೂ ನಿಲ್ಲುತ್ತದೆ. ಬೆಟ್ಟಮ್ಮ ಖಾಲಿ ತಟ್ಟೆಯನ್ನು ಎದೆಗೊತ್ತಿಕೊಂಡು, "ಯಾಕಾರ ತಿನ್ಸುದ್ನೋ ಸಿವನೇ" ಎನ್ನುತ್ತಾರೆ.

ಮೊದಲು ಚೀಲ ಬರುತ್ತದೆ, ಆಮೇಲೆ ತಲೆ. ಕಾಲಿನ ಮೀನಖಂಡ ಸೆಟೆದು ಹೊನ್ನಯ್ಯನ ಮುಖ ಕಿವುಚಿದೆ. ನಾಗರಾಜು ಪೈಪಿಗೆ ನೀರು ತುಂಬಿ ಸ್ವಿಚ್ ಒತ್ತುತ್ತಾರೆ. ಪೈಪು ಕೆಮ್ಮುತ್ತದೆ, ಉಗುಳುತ್ತದೆ, ನೀರು ಒಟ್ಟಲಿನತ್ತ ಓಡುತ್ತದೆ.

ಏನಾದರೂ ಆಸೆ ಇದೆಯೇ ಎಂದರೆ ಹೊನ್ನಯ್ಯ ಕಾಲು ನೀವಿಕೊಳ್ಳುತ್ತಾ ನಗುತ್ತಾರೆ. "ಒಂದಿನ ಯಾರೂ ಏನೂ ಕಳ್ಕೊಂಡಿರಬಾರ್ದು ಕಣಪ್ಪ. ಸುಮ್ಕೆ ಮುಳ್ಗಿ, ಬರೀ ಕೈಲಿ ಮ್ಯಾಕ್ ಬರ್ಬೇಕು."