ಅಂಗಡಿಯನ್ನುಂಡ ವರ್ಷ

ನಮ್ಮ ಮನೆಗೂ ನಮ್ಮ ಕಿರಾಣಿ ಅಂಗಡಿಗೂ ನಡುವೆ ಇದ್ದದ್ದು ಒಂದೇ ಬಾಗಿಲು. ಆದರೂ ಆ ಹೊಸ್ತಿಲನ್ನು ದಾಟಿ ಚೀಲಕ್ಕೆ ಕೈಯಿಕ್ಕುವ ಅಧಿಕಾರ ಮನೆಯವರಾರಿಗೂ ಇರಲಿಲ್ಲ. ಅಡುಗೆಗೆ ಬೇಳೆ ಮುಗಿದರೆ ಅತ್ತೆಯವರು ಡಬ್ಬಿ ಹಿಡಿದು ಹೊಸ್ತಿಲ ಈಚೆ ನಿಲ್ಲುವರು. ಮಾವನವರು ಎದುರಿಗಿದ್ದ ಗಿರಾಕಿಯನ್ನು ಕಳುಹಿಸಿ, ಅವನಿಗೆ ತೂಗಿದಂತೆಯೇ ಇವರಿಗೂ ತೂಗಿ, ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೆಯೇ ಡಬ್ಬಿಗೆ ಸುರಿಯುವರು.

"ತೂಗದ ಒಯ್ದದ್ದು ಕಳವು. ಹೇಣ್ತಿ ಒಯ್ದರೂ ಕಳವ," ಎನ್ನುವರು.

"ಆತು ಬಿಡ್ರಿ. ನಾನೂ ಇನ್ನ ಮ್ಯಾಲೆ ರೊಟ್ಟಿ ತೂಗೇ ಹಾಕತೀನಿ," ಎಂದು ಅತ್ತೆಯವರು ಡಬ್ಬಿಯ ಮುಚ್ಚಳವನ್ನು ಬಡಿದು ಒಳಗೆ ಬರುವರು.

ನಾನು ಸೊಸೆಯಾಗಿ ಆ ಮನೆಯನ್ನು ಸೇರಿದ್ದು ಶಿರಸಿಯ ಪೇಟೆಯಲ್ಲಿ ಸೇರಿನ ಲೆಕ್ಕ ಹೋಗಿ ಕಿಲೋ ಬರುತ್ತಿದ್ದ ಕಾಲದಲ್ಲಿ. ಮಾವನವರ ಮೂಲ ಬನವಾಸಿಯ ಕಡೆ. ಮನೆಯ ಮಾತು ಕೊನೆಯವರೆಗೂ ಆ ಸೀಮೆಯದೇ ಆಗಿ ಉಳಿಯಿತು. ನನ್ನ ತವರು ಸಿದ್ದಾಪುರದ ಕಡೆ. ನನ್ನ ತಂದೆಯವರು ಮಠದಲ್ಲಿ ಪುರಾಣ ಹೇಳುತ್ತಿದ್ದವರು. ಗಂಡುಮಕ್ಕಳಿಲ್ಲದ ಕಾರಣ ತಮ್ಮ ಹಳಗನ್ನಡವನ್ನೂ ಅಲ್ಪಸ್ವಲ್ಪ ಸಂಸ್ಕೃತವನ್ನೂ ನನಗೇ ಧಾರೆಯೆರೆದರು. ಯಜಮಾನರಿಗೆ ಯಲ್ಲಾಪುರ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಆಗತಾನೆ ಮಾಸ್ತರಿಕೆ ದೊರೆತಿತ್ತು. ಅವರು ಅಲ್ಲಿಯೇ ಉಳಿದು, ರಜೆ ಬಂದಾಗ ಮನೆಗೆ ಬರುತ್ತಿದ್ದರು. ಹೀಗಾಗಿ ಮನೆಯಲ್ಲಿ ನಿತ್ಯ ಇದ್ದವರು ನಾವು ಮೂವರೇ.

ಒಂದು ವೈಶಾಖದ ಬೆಳಿಗ್ಗೆ ಮಾವನವರು ಲಿಂಗಪೂಜೆಗೆ ಕುಳಿತು ವಿಭೂತಿಯನ್ನು ತೆಗೆದುಕೊಳ್ಳಹೋದರು. ಬಲಗೈ ಮೇಲೇಳಲಿಲ್ಲ. ಅವರು ಆ ಕೈಯನ್ನೇ, ಅದು ಬೇರೆ ಯಾರದೋ ಎಂಬಂತೆ, ಬಹಳ ಹೊತ್ತು ನೋಡುತ್ತ ಕುಳಿತರು. ಲಕ್ವ ಹೊಡೆದಿತ್ತು. ಮಧ್ಯಾಹ್ನದ ಹೊತ್ತಿಗೆ ಕಾಲೂ ಹೋಯಿತು. ಮಾತು ಮಾತ್ರ, ಸ್ವಲ್ಪ ತೊದಲುತ್ತ, ಉಳಿದುಕೊಂಡಿತು.

ಮಳೆಗಾಲ ಹಿಡಿಯುವ ಮೊದಲು ಸರಕು ತುಂಬಿಸಿಕೊಳ್ಳುವುದು ಪೇಟೆಯ ಪದ್ಧತಿ. ಅಂಗಡಿ ಆಗ ಕಂಠಪೂರ್ತಿ ತುಂಬಿತ್ತು. ತೊಗರಿಬೇಳೆ, ಕಡಲೆಬೇಳೆ, ಹೆಸರು, ಹುರುಳಿ, ಅಕ್ಕಿ, ರವೆ, ಪುಟಾಣಿ ಎಂಬ ಹುರಿಗಡಲೆ, ಸಾಬೂದಾಣಿ, ಬೆಲ್ಲದ ಪೆಂಟೆ, ಕೊತ್ತಂಬರಿ, ಗಸಗಸೆ. ನಡೆಯಲು ದಾರಿಯಿಲ್ಲದಂತೆ ಚೀಲಗಳು ನಿಂತಿದ್ದವು. ಸರಕನ್ನು ಯಾರಿಗಾದರೂ ಸಗಟು ಕೊಟ್ಟುಬಿಡೋಣವೇ ಎಂದು ಯಜಮಾನರು ಹೆದರುತ್ತಲೇ ಕೇಳಿದರು.

"ಬೀಗಾ ಹಾಕ್ರಿ," ಎಂದರು ಮಾವನವರು. "ಯಾರಿಗೂ ಕೊಡಬ್ಯಾಡ್ರಿ. ದೀಪಾವಳಿ ಪೂಜಿ ನಾನ ಮಾಡಿ, ನಾನ ಬಾಗಲಾ ತಗೀತೀನಿ. ತುಂಬಿದ ಅಂಗಡಿ ಐತಿ ಅಂದ್ರ ಮನಶಾ ಎದ್ದು ಕುಂದರತಾನ."

ಚಿಕಿತ್ಸೆ ಮಾಡುತ್ತಿದ್ದ ವೈದ್ಯರು ಅತ್ತೆಯವರನ್ನು ಹೊರಜಗುಲಿಗೆ ಕರೆದು ಮೆಲ್ಲಗೆ ಹೇಳಿದ್ದೂ ಅದೇ: ಎಣ್ಣೆ, ಕಷಾಯಗಳು ಮಾಡುವುದು ಅಷ್ಟರಲ್ಲೇ ಇದೆ, ಆ ದೀಪಾವಳಿಯ ಆಸೆಯೊಂದನ್ನು ಮುರಿಯಬೇಡಿ.

ಯಜಮಾನರ ಸಂಬಳ ವೈದ್ಯರ ಮನೆಗೇ ಸಾಲದಾಯಿತು. ಅಡುಗೆಮನೆಯ ಡಬ್ಬಿಗಳು ಒಂದೊಂದಾಗಿ ಬರಿದಾದವು. ಬೇರೆ ಅಂಗಡಿಯಿಂದ ತರುವ ಶಕ್ತಿಯಿಲ್ಲ. ನಮ್ಮ ಅಂಗಡಿಯನ್ನು ಮುಟ್ಟುವ ಅಪ್ಪಣೆಯಿಲ್ಲ. ಒಂದು ಮಧ್ಯಾಹ್ನ ಮಾವನವರಿಗೆ ನಿದ್ರೆ ಹತ್ತಿದಾಗ ಅತ್ತೆಯವರು ಸೊಂಟದ ಕೀಲಿಯನ್ನು ಬಿಚ್ಚಿದರು. ಹೊಸ್ತಿಲಿಗೆ ಹಣೆ ಮುಟ್ಟಿಸಿ ನಮಸ್ಕರಿಸಿದರು. ಒಳಗೆ ಹೋಗಿ ತೊಗರಿಬೇಳೆಯ ಚೀಲದ ಬಾಯಿ ಬಿಚ್ಚಿ, ಮೊದಲು ಒಂದು ಹಿಡಿ ತೆಗೆದು, ಹಳೆಯ ಬಟ್ಟೆಯ ತುಂಡಿನಲ್ಲಿ ಹಾಕಿ, ಹುಳು ಹತ್ತದಂತೆ ಒಂದು ಚಿಟಿಕೆ ವಿಭೂತಿಯನ್ನು ಬೆರೆಸಿ ಗಂಟು ಕಟ್ಟಿದರು. ಆಮೇಲೆ ಡಬ್ಬಿ ತುಂಬಿಕೊಂಡರು.

"ಅದ್ಯಾಕ್ರೀ ಅತ್ತಿ, ಆ ಗಂಟು?" ಎಂದೆ.

"ಪೂಜಿ ದಿನಾ ತಕ್ಕಡಿ ಮುಂದ ಅಂಗಡ್ಯಾಗಿನ ಒಂದೊಂದು ಸರಕು ಒಂದೊಂದು ಹಿಡಿ ಇಡೂದು ನಮ್ಮ ಪದ್ಧತಿ. ಇದು ಲಕ್ಷ್ಮೀದು. ಉಳಿದದ್ದು ನಮ್ಮ ಹೊಟ್ಟೀದು." ಸ್ವಲ್ಪ ತಡೆದು, "ನಿನಗ ಓದಾಕ ಬರತೈತಿ, ಯವ್ವಾ. ಇದಕ್ಕ ನಿನ್ನ ಪುರಾಣದಾಗ ಏನಂತಾರ?" ಎಂದರು.

ನಾನು ಚೀಲದ ಬಾಯಿಯನ್ನು ಮತ್ತೆ ಕಟ್ಟಿದೆ.

ಅಂದಿನಿಂದ ನಮ್ಮ ಊಟದ ಕ್ರಮವನ್ನು ನಿರ್ಧರಿಸಿದ್ದು ಹಸಿವೆಯಲ್ಲ, ರುಚಿಯಲ್ಲ, ಹುಳು. ಯಾವ ಚೀಲಕ್ಕೆ ನುಸಿ ಮೊದಲು ಬರುವುದೋ ಅದನ್ನು ಮೊದಲು ಉಣ್ಣಬೇಕು ಎಂಬುದು ಅತ್ತೆಯವರ ಶಾಸನ. ರವೆ ಮೊದಲು ಹೋಯಿತು, ಆಮೇಲೆ ಬೇಳೆಗಳು. ತೊಗರಿ ಮುಗಿದ ಮೇಲೆ ಹುರುಳಿಯ ಕಟ್ಟೇ ಸಾರಾಯಿತು. ಹುರುಳಿಯೂ ತಳ ಕಂಡ ಮೇಲೆ ಪುಟಾಣಿಯನ್ನು ಬೀಸಿ, ಆ ಹಿಟ್ಟನ್ನು ಹುಣಸೆಯ ನೀರಿನಲ್ಲಿ ಕದಡಿ ಕುದಿಸಿ, ಅದನ್ನೇ ಬೇಳೆಸಾರೆಂದು ಬಡಿಸಿದೆವು. ಅಕ್ಕಿಯನ್ನು ಹಿಡಿತದಲ್ಲಿಡಬೇಕಾಗಿ ಬಂದಾಗ ಕೈಗೆ ಧಾರಾಳವಾಗಿ ಸಿಕ್ಕಿದ್ದು ಗಸಗಸೆ ಮತ್ತು ಬೆಲ್ಲ. ಹೀಗಾಗಿ, ಹೇಳಿದರೆ ಯಾರೂ ನಂಬಲಾರರು, ಶ್ರಾವಣದುದ್ದಕ್ಕೂ ಬಡತನದ ದೆಸೆಯಿಂದ ನಾವು ಗಸಗಸೆಯ ಪಾಯಸವನ್ನು ಕುಡಿದು ಹೊಟ್ಟೆ ತುಂಬಿಸಿಕೊಂಡೆವು.

ಪಕ್ಕದ ಮನೆಯಲ್ಲಿ ಲಾರಿ ಓಡಿಸುವವರ ಮುಸಲ್ಮಾನ ಕುಟುಂಬವಿತ್ತು. ಆ ಮನೆಯಾಕೆ ಗೋಡೆಯಾಚೆಯಿಂದ ಮೂಗರಳಿಸಿ ಹೇಳುವರು: "ಏನ್ ಅಕ್ಕಾರ, ನಿಮ್ಮ ಮನ್ಯಾಗ ದಿನಾ ಹಬ್ಬ! ನಮಗ ಈದಿಗೂ ಇಷ್ಟು ಪಾಯಸಾ ಇಲ್ರಿ."

"ಬಾ, ನೀನೂ ಕುಡಿ. ಕುಡದು ಮಲಕೊಂಡ್ರ ಹಸಿವು ಗೊತ್ತಾಗೂದಿಲ್ಲ," ಎಂದು ಅತ್ತೆಯವರು ನಕ್ಕರು. ಆಕೆ ನಗಲಿಲ್ಲ. ಮರುದಿನ ಒಂದು ಬುಟ್ಟಿ ನುಗ್ಗೆಸೊಪ್ಪನ್ನು ಗೋಡೆಯ ಮೇಲಿಟ್ಟು, ಒಳಗೆ ಹೋದರು.

ಮಾವನವರ ಮಂಚ ನಡುಮನೆಯಲ್ಲಿತ್ತು. ದೀಪ ಹಚ್ಚುವ ಹೊತ್ತಿಗೆ ಅವರು ಅಂಗಡಿಯ ಬಾಗಿಲನ್ನು ತೆಗೆಸಿ, ಮಲಗಿದಲ್ಲಿಂದಲೇ ಚೀಲಗಳ ಸಾಲನ್ನು ನೋಡುವರು. ಹೊಸ್ತಿಲಲ್ಲಿ ಒಂದು ದೀಪವಿಟ್ಟು ಮುಚ್ಚಿದರೆ ಅವರಿಗೆ ಸಮಾಧಾನ. ಬರಿದಾದ ಚೀಲ ಕುಸಿದು ಬಿದ್ದರೆ ಗತಿಯೇನು? ಅತ್ತೆಯವರು ಪಕ್ಕದ ಮನೆಯವರ ಲಾರಿಯಲ್ಲಿ ಗಿರಣಿಯಿಂದ ಭತ್ತದ ಹೊಟ್ಟನ್ನು ತರಿಸಿದರು. ಬೇಳೆ ತೀರಿದ ಚೀಲಕ್ಕೆ ಹೊಟ್ಟನ್ನು ತುರುಕಿ, ಬಾಯಿ ಹೊಲಿದು, ಇದ್ದ ಜಾಗದಲ್ಲಿಯೇ ನಿಲ್ಲಿಸಿದೆವು. ಒಂದಾದ ಮೇಲೊಂದು ಹಾಗೆಯೇ ನಿಂತವು.

"ಬಚ್ಚಲೊಲಿ ಇಷ್ಟು ಹೊಟ್ಟು ತಿಂತೈತೇನ್ರಿ ಅಕ್ಕಾರ?" ಎಂದು ಪಕ್ಕದ ಮನೆಯಾಕೆ ಕೇಳಿದರು.

"ಅವರಿಗೆ ಬಿಸಿನೀರು ಭಾಳ ಬೇಕವ್ವ," ಎಂದರು ಅತ್ತೆಯವರು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಅಂಗಡಿಯಲ್ಲಿ ಇಲಿಗಳ ಕಾಟ ಮೊದಲಿನಿಂದಲೂ ಇತ್ತು. ಕತ್ತಲಾದೊಡನೆ ಅವು ಚೀಲಗಳ ನಡುವೆ ಓಡಾಡುವ ಸಪ್ಪಳ ನಡುಮನೆಗೆ ಕೇಳಿಸುವುದು. ಮಾವನವರು ಎಡಗೈಯಲ್ಲಿ ಬೆತ್ತವನ್ನು ಹಿಡಿದು ಗೋಡೆಗೆ ಬಡಿದು, "ಹಾದರಗಿತ್ತೇರ, ತೂಗಿಸಿಕೊಂಡು ತಿನ್ರಿ!" ಎಂದು ಬೈಯುವರು. ಹಾಸಿಗೆ ಹಿಡಿದ ಮನುಷ್ಯನಿಗೆ ಅಂಗಡಿಯ ವ್ಯವಹಾರವೆಂದು ಉಳಿದಿದ್ದು ಅದೊಂದೇ. ಭಾದ್ರಪದ ಕಳೆಯುವಷ್ಟರಲ್ಲಿ ಬೆತ್ತ ಗೋಡೆಗೆ ಒರಗಿಕೊಂಡೇ ಇರತೊಡಗಿತು. ನಿಶ್ಶಕ್ತಿಯೆಂದು ನಾವು ತಿಳಿದೆವು.

ಮಧ್ಯಾಹ್ನಗಳಲ್ಲಿ ನಾನು ಅವರಿಗೆ ಶರಣರ ಪುರಾಣವನ್ನು ಓದಿ ಹೇಳುತ್ತಿದ್ದೆ. ದಾಸೋಹದ ಪ್ರಸಂಗಗಳಲ್ಲಿ ಕವಿಯು ಭಕ್ಷ್ಯಭೋಜ್ಯಗಳನ್ನು ಹಾಡಿಹಾಡಿ ವರ್ಣಿಸಿದ್ದನು. ಆ ಪದ್ಯಗಳು ಬಂದಲ್ಲಿ ಪುಟವನ್ನು ಮಗುಚಿ ಮುಂದಿನ ಕಥೆಗೆ ಹೋಗುತ್ತಿದ್ದೆ.

"ನಡುವ ಏನೋ ಬಿಟ್ಟೆಲ್ಲ, ಮಗಳ," ಎಂದರು ಒಮ್ಮೆ.

"ಬರೇ ವರ್ಣನೆರಿ, ಮಾವಾರ. ಕಥಿ ಏನಿಲ್ಲ."

"ಹೌದು. ಉಣ್ಣೂದು ಬರೇ ವರ್ಣನೇನ," ಎಂದು ಅವರು ಕಣ್ಣು ಮುಚ್ಚಿದರು.

ನವರಾತ್ರಿಗೆ ಅಕ್ಕಿಯ ಚೀಲವೂ ಹೊಟ್ಟಿನ ಚೀಲವಾಯಿತು. ಅನಂತರದ ದಿನಗಳನ್ನು ಸಾಬೂದಾಣಿಯ ಗಂಜಿ, ನುಗ್ಗೆಸೊಪ್ಪು, ಯಜಮಾನರು ಶಾಲೆಯ ಊರಿನಿಂದ ಹೊತ್ತು ತಂದ ಗೆಣಸು, ಇವುಗಳಿಂದ ದೂಡಿದೆವು. ಅಂಗಡಿಯಲ್ಲಿ ಉಪ್ಪನ್ನುಳಿದು ಏನೂ ಇರಲಿಲ್ಲ. ನೋಡುವವರ ಕಣ್ಣಿಗೆ ಮಾತ್ರ ಅದು ವೈಶಾಖದಲ್ಲಿದ್ದಂತೆಯೇ ತುಂಬಿ ನಿಂತಿತ್ತು. ದೀಪಾವಳಿ ಹತ್ತಿರವಾದಂತೆ ಅತ್ತೆಯವರು ಮಾತು ಕಡಿಮೆ ಮಾಡಿದರು. ಪ್ರತಿ ಚೀಲದ್ದೂ ಒಂದೊಂದರಂತೆ ಗಂಟುಗಳನ್ನು ಕೂಡಿಟ್ಟಿದ್ದ ಮಣ್ಣಿನ ಹರವಿಯ ಮುಚ್ಚಳವನ್ನು ತೆಗೆದು ನೋಡಿ ಮತ್ತೆ ಮುಚ್ಚುವರು. "ಪೂಜಿ ಮುಗದ ಮ್ಯಾಲೆ ಬಾಗಲಾ ತಗೀರಿ ಅಂತಾರ. ಗಿರಾಕಿ ಬಂದು ಬ್ಯಾಳಿ ಕೇಳತಾನ. ಆಗ ಏನ್ ತೂಗತಾರವ್ವ ಅವರು?" ಎಂದು ನನ್ನನ್ನು ಕೇಳಿದರು. ಆ ಭಯವನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

ಅಮಾವಾಸ್ಯೆಯ ಸಂಜೆ ಯಜಮಾನರೂ ಪಕ್ಕದ ಮನೆಯ ಚಾಲಕರೂ ಸೇರಿ ಮಾವನವರನ್ನು ಕುರ್ಚಿಯಲ್ಲಿ ಕೂರಿಸಿ ಅಂಗಡಿಯೊಳಕ್ಕೆ ಹೊತ್ತು ತಂದರು. ಚಾಲಕರು ಕೈಮುಗಿದು ಹೊರಟುಹೋದರು. ತೊಳೆದ ತಕ್ಕಡಿ, ಅದರ ಪಕ್ಕದಲ್ಲಿ ಸೇರಿನ ಹಳೆಯ ಕಲ್ಲುಗಳು; ಪೇಟೆಯಲ್ಲಿ ಅವುಗಳನ್ನು ಆಗಲೇ ಯಾರೂ ಕೇಳುತ್ತಿರಲಿಲ್ಲ. ಮುಂದೆ ಬಾಳೆಯೆಲೆಯ ಮೇಲೆ, ಗಂಟುಗಳಿಂದ ಬಿಚ್ಚಿದ ಹಿಡಿಹಿಡಿ ಸರಕು. ಅಂಗಡಿಯ ಎಲ್ಲ ಸರಕೂ ಅಲ್ಲಿತ್ತು. ಮಾವನವರು ಎಡಗೈಯಿಂದ ವಿಭೂತಿ ಇಟ್ಟರು, ಹೂ ಏರಿಸಿದರು. ಆರತಿಯಾಯಿತು. ಅವರ ಕಣ್ಣು ಎಲೆಯ ಮೇಲೆಯೇ ಇತ್ತು. ಹಿಂದೆ ನಿಂತ ಚೀಲಗಳ ಕಡೆಗೆ ಒಮ್ಮೆಯೂ ಹೊರಳಲಿಲ್ಲ.

"ಬಾಗಲಾ ತಗೀಲೇನ್ ಅಪ್ಪಾ?" ಎಂದರು ಯಜಮಾನರು.

"ಬ್ಯಾಡ." ಆಮೇಲೆ ಅತ್ತೆಯವರ ಕಡೆ ತಿರುಗಿ, "ಇವತ್ತಿನ ಬೋಣಿ ನಿಂದು. ಉಡಿ ಒಡ್ಡು," ಎಂದರು.

ಪೂಜೆಯಾದ ಮೇಲೆ ಮೊದಲ ಗಿರಾಕಿಗೆ ತೂಗುವುದೇ ಬೋಣಿ. ಅತ್ತೆಯವರು ನಿಂತಲ್ಲೇ ನಿಂತರು.

"ಇಲಿ ಸಪ್ಪಳಾ ನಿಂತು ಭಾಳ ದಿನಾ ಆತಲ್ಲ," ಎಂದರು ಮಾವನವರು. "ಇಲಿ ಬಿಟ್ಟು ಹ್ವಾದ ಅಂಗಡ್ಯಾಗ ಏನೈತಿ ಅಂತ ಕಿರಾಣಿ ಮಾಡಿದವಗ ತಿಳಿಯೂದಿಲ್ಲೇನು? ನಿನ್ನ ಪುಟಾಣಿ ಸಾರು ಉಂಡಾಗೂ ತಿಳದಿತ್ತು. ನೀ ಇಷ್ಟು ಕಷ್ಟಪಟ್ಟು ಚೀಲಾ ನಿಲ್ಲಿಸಿದ್ದಿ. ಹೆಂಗ ಹೇಳಲಿ? ಬಾ. ಇಷ್ಟು ದಿನಾ ತೂಗದ ಒಯ್ದಿ. ಇದನ್ನರ ತೂಗಿಸಿಕೊಂಡು ಒಯ್ಯಿ."

ಅವರು ಎಡಗೈಯಲ್ಲಿ ತಕ್ಕಡಿಯನ್ನೆತ್ತಿದರು. ಮೊದಲ ಹಿಡಿಯನ್ನು ಯಜಮಾನರು ತಟ್ಟೆಗೆ ಹಾಕಿದರು. ಕೈ ನಡುಗಿ ಮುಳ್ಳು ಅತ್ತಿತ್ತ ಓಡಾಡಿತು. ಯಜಮಾನರು ಹಿಡಿಯಹೋದರೆ "ಬಿಡು" ಎಂದು ಗದರಿದರು. ಅತ್ತೆಯವರು ಒಂದು ಕೈಯಿಂದ ಸೆರಗನ್ನು ಒಡ್ಡಿ, ಇನ್ನೊಂದನ್ನು ಅವರ ಮಣಿಕಟ್ಟಿನ ಕೆಳಗೆ ಕೊಟ್ಟರು. ಮುಳ್ಳು ನಿಂತಿತು. ತೊಗರಿ, ಹೆಸರು, ಹುರುಳಿ, ಅಕ್ಕಿ, ಗಸಗಸೆ: ಒಂದೊಂದು ಹಿಡಿಯನ್ನೂ ಹಾಗೆಯೇ ತೂಗಿ ಉಡಿಗೆ ಸುರಿದರು.

"ಎಲ್ಲಾ ಕೂಡಿಸಿ ಕುದಿಸು," ಎಂದರು ಕೊನೆಗೆ.

ಕುದಿಸಿದೆವು. ವಿಭೂತಿ ಬೆರೆತ ಕಾಳುಗಳವು. ಎಷ್ಟು ತೊಳೆದರೂ ಬೂದಿಯ ರುಚಿ ಹೋಗಿರಲಿಲ್ಲ. ಪುಟಾಣಿ ಮುಗ್ಗಿತ್ತು. ಹುರುಳಿ ಬೇಯುವಷ್ಟರಲ್ಲಿ ಅಕ್ಕಿ ಕರಗಿತ್ತು. ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಂಡೆವು. ಮಾವನವರು ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡದೆ, ತಟ್ಟೆ ತೊಳೆದ ನೀರನ್ನೂ ಕುಡಿದು ಮುಗಿಸಿದರು. ಅದು ನಮ್ಮವರ ಆಚಾರ. ಅವರು ಎಂದೂ ತಪ್ಪಿದವರಲ್ಲ.

ಮರುದಿನ ದೀಪ ಹಚ್ಚುವಾಗ ಅತ್ತೆಯವರು ಎಂದಿನಂತೆ ಬಾಗಿಲನ್ನು ತೆಗೆಯಹೋದರು. "ಇರಲಿ," ಎಂದರು ಮಾವನವರು. ಮುಂದೆ ಎಂದೂ ಅವರು ಬಾಗಿಲನ್ನು ತೆಗೆಸಲಿಲ್ಲ. ಅಂಗಡಿಯ ಮಾತನ್ನೂ ಎತ್ತಲಿಲ್ಲ. ಎದ್ದು ಕೂರುವ ಪ್ರಯತ್ನವನ್ನೂ ಮಾಡಲಿಲ್ಲ. ಸುಳ್ಳು ಹೇಳಿದ್ದಕ್ಕಿಂತ ಸುಳ್ಳು ಮುಗಿದುಹೋದದ್ದೇ ಅತ್ತೆಯವರಿಗೆ ಹೆಚ್ಚು ಸಂಕಟವಾಯಿತೆಂದು ನನ್ನ ಎಣಿಕೆ. ದೇವರ ಮುಂದೆ ಕುಳಿತು ಅವರು ಏನನ್ನು ಬೇಡುತ್ತಿದ್ದರೋ ನಾನು ಕೇಳಲಿಲ್ಲ.

ಇನ್ನು ಉಳಿದದ್ದು ಹೊಟ್ಟು. ಅದನ್ನೂ ಬಿಸಾಡಲು ಅತ್ತೆಯವರು ಒಪ್ಪಲಿಲ್ಲ. ಮಾರ್ಗಶಿರದ ಚಳಿ ಹಿಡಿದಾಗ ಒಂದೊಂದೇ ಚೀಲದ ಹೊಲಿಗೆ ಬಿಚ್ಚಿ, ಬಚ್ಚಲೊಲೆಗೆ ಹಾಕಿ, ಮಾವನವರ ಸ್ನಾನಕ್ಕೆ ನೀರು ಕಾಯಿಸತೊಡಗಿದೆವು. ಪಕ್ಕದ ಮನೆಯಾಕೆಗೆ ಹೇಳಿದ್ದ ಮಾತು ಹೀಗೆ ನಿಜವಾಯಿತು. ಚೀಲಗಳ ಸಾಲು ಈ ಸಲ ಕಣ್ಣಿಗೆ ಕಾಣುವಂತೆಯೇ ಕರಗಿತು. ಶಿವರಾತ್ರಿಗೆ ಕೆಲವು ದಿನಗಳಿರುವಾಗ ಅಕ್ಕಿಯ ಹೆಸರಿನ ಚೀಲವೊಂದೇ ಮೂಲೆಯಲ್ಲಿ ನಿಂತಿತ್ತು. ಅದನ್ನು ಬಿಚ್ಚಿ ಒಲೆಗೆ ಸುರಿದವಳು ನಾನು. ಆ ಬೆಳಿಗ್ಗೆ ಕಾಯಿಸಿದ ನೀರು ಮಾವನವರ ಕಡೆಯ ಮಜ್ಜನಕ್ಕಾಯಿತು.