ಬೇಡ ಎನ್ನುವ ಸಲಿಗೆ

ಕೋಡಿಹಳ್ಳಿ ಕಡೆಯ ಸರದಿ ಬುಧವಾರ. ರಾಮನಗರದಿಂದ ಬೆಳಿಗ್ಗೆ ಎಂಟೂವರೆಗೆ ಜೀಪು ಹೊರಡುತ್ತದೆ. ಮುಂದೆ ಡ್ರೈವರ್, ಹಿಂದೆ ನರ್ಸು ಮತ್ತು ನಾನು. ವಾಸಿಯಾಗದ ಕಾಯಿಲೆಯವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ತಂಡ ನಮ್ಮದು. ನೋವಿನ ಔಷಧಿ, ಗಾಯದ ಪಟ್ಟಿ ನರ್ಸಿನ ಪಾಲು. ಪಕ್ಕದಲ್ಲಿ ಕೂರುವುದು, ಮನೆಯವರ ಮಾತು ಕೇಳುವುದು, ಉಣ್ಣಿಸುವುದು, ಆಮೇಲೆ ಭೇಟಿಯ ವರದಿ ಬರೆಯುವುದು ನನ್ನ ಪಾಲು. ಸಂಬಳವಿಲ್ಲದ ಕೆಲಸ. ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತಾರು ವರ್ಷ ಬೇರೆಯವರು ಬರೆದದ್ದನ್ನು ತಿದ್ದಿದವಳು ನಾನು. ಹಾಗಾಗಿ ವರದಿಯ ಫೈಲು ಯಾರೂ ಹೇಳದೆಯೇ ನನ್ನ ಕೈಗೆ ಬಂತು.

ಗಂಡ ತೀರಿಕೊಂಡ ಮರುವರ್ಷ ಈ ಕೆಲಸಕ್ಕೆ ಸೇರಿದೆ. ಅವರು ಬೆಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ಹನ್ನೊಂದು ದಿನ ಇದ್ದರು. ಸಂಜೆ ಹತ್ತು ನಿಮಿಷ ನನ್ನನ್ನು ಒಳಗೆ ಬಿಡುತ್ತಿದ್ದರು. ನಾನು ಏನು ಕೇಳಿದರೂ ಅವರು ಸರಿ ಎನ್ನುವಂತೆ ತಲೆಯಾಡಿಸುತ್ತಿದ್ದರು. ಕೊನೆಯ ಬೆಳಿಗ್ಗೆ ಅಲ್ಲಿನ ನರ್ಸು ಒದ್ದೆ ಹತ್ತಿಯಿಂದ ತುಟಿ ಒರೆಸಿದಾಗ "ಥ್ಯಾಂಕ್ಸ್ ಸಿಸ್ಟರ್" ಎಂದರಂತೆ. ಅದೇ ಅವರ ಕೊನೆಯ ಮಾತು. ಎಂಥ ಸಭ್ಯ ಮನುಷ್ಯ ಎಂದು ಬಂದವರೆಲ್ಲ ಹೇಳಿದರು. ನಾನೂ ಹಾಗೇ ಅಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ.

ಕೋಡಿಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಊರೊಂದರಲ್ಲಿ ರೇಷ್ಮೆ ಹುಳು ಸಾಕುವ ರೈತರೊಬ್ಬರಿದ್ದರು. ವಯಸ್ಸು ಅರವತ್ತರ ಹತ್ತಿರ. ಅನ್ನನಾಳದ ಕ್ಯಾನ್ಸರ್. ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ಹೇಳಿದ್ದರು. ನಡುಮನೆಯಲ್ಲಿ ಮಂಚ. ಹಿತ್ತಲಿನಲ್ಲಿ ಹುಳದ ಮನೆ. ಅದರ ಬಾಗಿಲಿಗೆ ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಸಿದ ಗೋಣಿತಾಟು. ಹುಳಕ್ಕೆ ಸೋಂಕು ತಗಲದಂತೆ ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಗಂಡ ಮಲಗಿದ ಮೇಲೆ ಆ ಮನೆಯೂ ಈ ಮಂಚವೂ ಹೆಂಡತಿಯೊಬ್ಬಳ ಮೇಲೆ ಬಿದ್ದಿದ್ದವು.

ಮೊದಲ ದಿನವೇ ಆಕೆ ದೂರು ಹೇಳಿದಳು. "ನನ್ ಕೈಲಿ ಒಂದ್ ಗುಟುಕು ಇಳ್ಸಲ್ಲ ಮೇಡಮ್ನೋರೆ. ಗಂಜಿ ತಂದ್ರೆ ಮಖ ಗ್ವಾಡೆ ಕಡೀಕ್ ತಿರುಗ್ಸ್ತಾರೆ. ಮೂವತ್ತೆಂಟ್ ವರ್ಸ ಮುದ್ದೆ ಕಟ್ಟಿಕ್ಕಿವ್ನಿ. ಹೋಗೋರು ನನ್ ಕೈಲಿ ಒಸಿ ಉಂಡ್ಕಂಡ್ ಹೋಗ್ಲಿ, ಅಷ್ಟೇಯ ನಾ ಕೇಳೋದು."

ಮಂಚದಿಂದ ಉತ್ತರ ಬಂತು. "ಹೋಗಮ್ಮಿ. ಹುಳಕ್ಕೆ ಸೊಪ್ಪಾಕೋಗು."

ಮುಂದಿನ ವಾರ ನಾನು ಮನೆಯಿಂದಲೇ ತೆಳ್ಳಗೆ ಸೋಸಿದ ರಾಗಿ ಗಂಜಿ ಮಾಡಿ ಫ್ಲಾಸ್ಕಿನಲ್ಲಿ ತಂದೆ. ತಲೆಯ ಹಿಂದೆ ಎರಡು ದಿಂಬು ಕೊಟ್ಟು, ಪುಟ್ಟ ಚಮಚದಲ್ಲಿ ಒಂದು ಗುಟುಕು ಕೊಟ್ಟು, ಕಾದು, ಇನ್ನೊಂದು ಕೊಟ್ಟೆ. ಅವರು ಆರು ಚಮಚ ಕುಡಿದರು. ಸಾಕಾ ಎಂದು ಕೇಳಿದೆ.

"ನೀವ್ ಅಷ್ಟ್ ದೂರದಿಂದ ತಂದಿದ್ದು. ಬ್ಯಾಡ ಅನ್ನಕ್ಕಾಯ್ತದಾ," ಎಂದು ನಕ್ಕರು.

ಹೆಂಡತಿ ಮಂಕರಿಯಲ್ಲಿ ಸೊಪ್ಪು ಹೊತ್ತು ಬಾಗಿಲಲ್ಲಿ ನಿಂತಿದ್ದಳು. "ಮೇಡಮ್ನೋರ ಕೈ ಅಂದ್ರೆ ಬಾಯಿ ತಾನಾಗೇ ತೆರ್ಕತದೆ," ಎಂದು ಹಿತ್ತಲಿಗೆ ಹೋದಳು. ವಾಪಸ್ಸು ಬರುವಾಗ ಡ್ರೈವರ್ ಹೇಳಿದ: "ಮೇಡಂ, ಆಯಮ್ಮ ನಿಮ್ಮನ್ನ ನೋಡೋ ನೋಟಕ್ಕೆ ನಮ್ ಟೈರ್ ಪಂಚರ್ ಆಯ್ತದೆ." ನರ್ಸು ನಕ್ಕಳು. ನಾನೂ ನಕ್ಕೆ. ಫೈಲಿನಲ್ಲಿ "ಆಹಾರ: ಆರು ಚಮಚ ಗಂಜಿ, ತೊಂದರೆಯಿಲ್ಲದೆ" ಎಂದು ಬರೆದೆ. ಅದರ ಮುಂದಿನ ಬುಧವಾರ ಎಂಟು ಚಮಚ.

ಆ ದಿನಗಳಲ್ಲಿ ನಾನು ಹೇಗಿದ್ದೆ ಎಂಬುದನ್ನು ಇದ್ದ ಹಾಗೇ ಹೇಳಬೇಕು. ಬುಧವಾರಕ್ಕೆ ಕಾಯುತ್ತಿದ್ದೆ. ಒಮ್ಮೆ ನರ್ಸು ಚಮಚಕ್ಕೆ ಕೈಹಾಕಿದಾಗ "ನಾನೇ ಕೊಡ್ತೀನಿ" ಎಂದು ಅವಳ ಕೈಯಿಂದ ತೆಗೆದುಕೊಂಡೆ. ಒಬ್ಬ ಮನುಷ್ಯ ಎಲ್ಲರ ಕೈ ಬಿಟ್ಟು ನನ್ನ ಕೈಯಲ್ಲಿ ಉಣ್ಣುತ್ತಾನೆ ಎಂಬುದು ನನಗೆ ಬೇಕಾಗಿತ್ತು. ಆದರೂ ಆ ಮನೆಯಿಂದ ಹೊರಡುವಾಗ ಹೊಟ್ಟೆಯಲ್ಲಿ ಒಂದು ಕಿಚ್ಚು ಇರುತ್ತಿತ್ತು. ಅವರು ನನ್ನನ್ನು ನೀವು ಎನ್ನುತ್ತಿದ್ದರು, ಪಂಚೆ ಸರಿಮಾಡಿಕೊಳ್ಳುತ್ತಿದ್ದರು, ನೋವಿದೆಯೇ ಎಂದರೆ ಪರವಾಗಿಲ್ಲ ಎನ್ನುತ್ತಿದ್ದರು. ಹೆಂಡತಿ ಬಂದ ಕೂಡಲೇ ದಿಂಬು ಸರಿಯಿಲ್ಲ, ಫ್ಯಾನು ಜೋರಾಯಿತು, ನಿನ್ನ ಮೈಯೆಲ್ಲ ಹುಳದ ವಾಸನೆ ಎಂದು ಶುರು. ಅವಳೂ ಬಿಡುತ್ತಿರಲಿಲ್ಲ. "ಹುಳದ ವಾಸ್ನೇಲಿ ತಾನೇ ಮೂವತ್ತೆಂಟ್ ವರ್ಸ ಪಕ್ಕದಲ್ಲಿ ಮಲೀಕ್ಕಂಡಿದ್ದು," ಎಂದು ದಿಂಬು ಗುದ್ದಿ ಸರಿಮಾಡುತ್ತಿದ್ದಳು. ಉಣ್ಣುವುದು ನನ್ನ ಕೈಯಲ್ಲಿ. ಆದರೂ ನನಗೇಕೆ ಅವಳ ಮೇಲೆ ಹೊಟ್ಟೆಕಿಚ್ಚು ಎಂದು ಆಗ ತಿಳಿಯಲಿಲ್ಲ.

ನಾಲ್ಕನೇ ಬುಧವಾರ ಆಕೆ ಬಿಡುವಾಗಿದ್ದಳು. ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಹೊತ್ತಿಗೆ ಹುಳು ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂರುತ್ತವೆ. ಅದನ್ನೇ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕಬಾರದು. ಆಕೆ ಮಂಚದ ಕಾಲ ಬಳಿ ಕೂತು ನಾನು ಉಣ್ಣಿಸುವುದನ್ನೇ ನೋಡಿದಳು. ಅವರು ಏಳು ಚಮಚ ಕುಡಿದರು. ನಾನು ಗೆದ್ದವಳಂತೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ.

ಜೀಪು ಊರಾಚೆಯ ತಿರುವು ದಾಟಿದ ಮೇಲೆ ಫೈಲು ಅಲ್ಲೇ ಬಿಟ್ಟದ್ದು ನೆನಪಾಯಿತು. ತಿರುಗಿಸಿದೆವು. ನಾನೊಬ್ಬಳೇ ಇಳಿದು ಒಳಗೆ ಹೋದೆ.

ಅವರು ಮಂಚದ ಅಂಚಿಗೆ ಬಾಗಿದ್ದರು. ಹೆಂಡತಿ ಒಂದು ಕೈಯಲ್ಲಿ ಬೇಸಿನ್ನು, ಇನ್ನೊಂದರಲ್ಲಿ ಅವರ ಹಣೆ ಹಿಡಿದಿದ್ದಳು. ನಾನು ಕೊಟ್ಟಿದ್ದ ಗಂಜಿಯೆಲ್ಲ ಹೊರಗೆ ಬರುತ್ತಿತ್ತು. ಅವರ ಕಣ್ಣಲ್ಲಿ ನೀರು. ನನ್ನನ್ನು ಕಂಡು ಆ ಸ್ಥಿತಿಯಲ್ಲೂ ಪಂಚೆಗೆ ಕೈ ಹೋಯಿತು.

ಬೇಸಿನ್ನು ಹೊರಗೆ ತಂದ ಆಕೆಯನ್ನು ಜಗಲಿಯಲ್ಲಿ ಕೇಳಿದೆ. "ಪ್ರತಿ ಸಲವೂ ಹೀಗೇನಾ?"

"ನಿಮ್ ಗಾಡಿ ಸದ್ದು ದೂರಾಗಗಂಟ ತಡ್ಕತಾರೆ. ಆಮೇಲೆ ಸಂಜೆಗಂಟ ಇದೇಯ."

"ಯಾಕಮ್ಮ ಹೇಳ್ಲಿಲ್ಲ?"

"ಮನೆಗ್ ಬಂದೋರು ತಂದಿದ್ದು, ಬ್ಯಾಡ ಅಂದ್ರೆ ನೊಂದ್ಕತಾರೆ, ಹೇಳ್ಬ್ಯಾಡ ಅಂದ್ರು. ನಾನ್ ಹೇಳಿದ್ರೂ ನೀವ್ ಏನಂದ್ಕತಿದ್ರಿ? ಹೊಟ್ಟೆಕಿಚ್ಚಿಗೆ ಹೇಳ್ತಾವ್ಳೆ ಅಂತಿದ್ರಿ. ಕಿಚ್ಚು ಇತ್ತು, ಇಲ್ಲ ಅನ್ನಲ್ಲ."

ಒಳಗಿನಿಂದ ಅವರ ದನಿ ಕೇಳಿತು. ನಾನು ಹೋದೆ ಅಂದುಕೊಂಡಿರಬೇಕು. "ಹುಳ ಬ್ಯಾಡ ಅಂದ್ರೆ ನಿಂಗೆ ಗೊತ್ತಾಯ್ತದೆ. ನಾನಂದ್ರೆ ಗೊತ್ತಾಗಕಿಲ್ವಾ? ಆ ಪಾತ್ರೆ ಎತ್ತಿಕ್ಕಮ್ಮಿ." ಅವಳ ಗಂಜಿ ಪಾತ್ರೆಯೂ ಮಂಚದ ಕೆಳಗೆ ಕಾಯುತ್ತಿತ್ತು.

ಫೈಲು ತೆಗೆದುಕೊಂಡು ಜೀಪು ಹತ್ತಿದೆ. ನರ್ಸಿಗೆ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಇನ್ನು ತುಟಿ, ನಾಲಿಗೆ ಒದ್ದೆ ಮಾಡಿದರೆ ಸಾಕು, ಉಣ್ಣಿಸುವುದು ಬೇಡ ಎಂದು ಮಾತ್ರ ಹೇಳಿ, ರೈತರ ಹೆಂಡತಿಗೂ ಫೋನಿನಲ್ಲಿ ಅದನ್ನೇ ಹೇಳಿದಳು. ನಾನು ಹಿಂದಿನ ಎರಡು ವಾರದ ಪುಟ ತೆರೆದು "ತೊಂದರೆಯಿಲ್ಲದೆ" ಎಂಬ ಪದವನ್ನು ಹೊಡೆದು ಹಾಕಿದೆ. ತಪ್ಪು ವರದಿ. ಚಮಚ ಎಣಿಸಿದ್ದೆ, ಮುಖ ನೋಡಿರಲಿಲ್ಲ. ಸಾಯುತ್ತಿರುವ ಮನುಷ್ಯನಿಂದ ಅತಿಥಿ ಮರ್ಯಾದೆ ಮಾಡಿಸಿಕೊಂಡಿದ್ದೆ. ನನಗೆ ಸಿಕ್ಕಿದ್ದು ದಾಕ್ಷಿಣ್ಯ. ಬೇಡ ಎನ್ನುವ ಸಲಿಗೆ ಅವಳೊಬ್ಬಳಿಗೇ ಇತ್ತು, ಅದು ತನಗಾದ ಅವಮಾನ ಎಂದು ಅವಳು ಕೊರಗುತ್ತಿದ್ದಳು. ನನ್ನ ಕಿಚ್ಚು ಯಾವುದರ ಮೇಲೆ ಎಂಬುದು ಕನಕಪುರ ಬರುವ ಹೊತ್ತಿಗೆ ಸ್ಪಷ್ಟವಾಗಿತ್ತು. ಸ್ಪಷ್ಟವಾದ ಮಾತ್ರಕ್ಕೆ ಕಡಿಮೆಯಾಗಲಿಲ್ಲ.

ಮುಂದಿನ ಬುಧವಾರ ಫ್ಲಾಸ್ಕು ಒಯ್ಯಲಿಲ್ಲ. ಹುಳು ಹಣ್ಣಾಗಿದ್ದವು, ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಡುವ ದಿನ. ಅಕ್ಕಪಕ್ಕದ ಹೆಂಗಸರೆಲ್ಲ ಹಿತ್ತಲಲ್ಲಿ ಹುಳು ಆಯುತ್ತಿದ್ದರು. ಆ ಕೆಲಸ ಅರ್ಧ ದಿನವೂ ತಡೆಯುವಂಥದ್ದಲ್ಲ. ಅವರು ತೀರಾ ಇಳಿದುಹೋಗಿದ್ದರು. ಆದರೂ ನಾನು ಪಕ್ಕದಲ್ಲಿ ಕೂತ ಕೂಡಲೇ ಬಾಯಿ ತೆರೆದರು.

"ಇವತ್ತು ಏನೂ ತಂದಿಲ್ಲ," ಎಂದೆ. "ಇನ್ನು ಮೇಲೆ ನಂಗೂ ಬೇಡ ಅನ್ನಿ."

ತೆರೆದ ಬಾಯಿ ಮುಚ್ಚಿದರು. "ನಿಮ್ಗೆಂಗನ್ನಾದು ಮೇಡಮ್ನೋರೆ," ಎಂದರು. ಆಮೇಲೆ, "ಅವ್ಳ ಕರೀರಿ. ನಾಲ್ಗೆ ಒಣಗ್ತು."

ಹಿತ್ತಲ ಬಾಗಿಲಿಗೆ ಹೋಗಿ ಕರೆದೆ. ಆಕೆ ಕೈಯಲ್ಲಿದ್ದ ಹುಳವನ್ನು ಪಕ್ಕದವಳ ತಟ್ಟೆಗೆ ಹಾಕಿ, ಕೈ ತೊಳೆದು ಬಂದಳು. ಲೋಟದ ನೀರಲ್ಲಿ ಬಟ್ಟೆಯ ತುದಿ ಅದ್ದಿ ತುಟಿಗೆ ಮುಟ್ಟಿಸಿದಳು. ಅವರು ಚೀಪಿದರು. ಇನ್ನೊಮ್ಮೆ ಅದ್ದಿದಳು. ಮತ್ತೆ ಚೀಪಿದರು. ಮೂರನೆಯದಕ್ಕೆ ತಲೆ ಅಲ್ಲಾಡಿಸಿದರು. ಅವಳು ಲೋಟ ಕೆಳಗಿಟ್ಟಳು. "ಸಾಕಾ? ಸರಿ ಬುಡಿ," ಎಂದಳು. ಅಷ್ಟು ಮೆತ್ತಗೆ ಆಕೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಕಿಟಕಿಯ ಪಕ್ಕ ನಿಂತು ಫೈಲು ಎದೆಗೊತ್ತಿಕೊಂಡು ನೋಡಿದೆ. ಅಲ್ಲಿ ನನಗೆ ಕೆಲಸವಿರಲಿಲ್ಲ.

ಶನಿವಾರ ಹೋದರು.

ತಿಥಿ ಕಳೆದ ಮೇಲಿನ ಬುಧವಾರ ಮನೆಯವರನ್ನು ನೋಡಿ ಬರಲು ಹೋದೆವು. ಗೂಡು ಆಗಲೇ ಮಾರುಕಟ್ಟೆಗೆ ಹೋಗಿತ್ತು. ಖಾಲಿ ಚಂದ್ರಿಕೆಗಳು ಗೋಡೆಗೊರಗಿ ಬಿಸಿಲು ಕಾಯುತ್ತಿದ್ದವು. ಆಕೆ ಎಲೆ ಹಾಕಿ ಮುದ್ದೆ, ಅವರೆಕಾಳು ಸಾರು ತಂದಳು. ತಿಂದುಕೊಂಡು ಬಂದಿದ್ದೇನೆ, ಬೇಡ ಎಂದೆ.

"ನೀವೇನ್ ಸಾಯಕ್ ಬಿದ್ದಿದ್ದೀರಾ? ಉಣ್ಣಿ," ಎಂದು ಮುದ್ದೆ ಇಟ್ಟೇಬಿಟ್ಟಳು. ಡ್ರೈವರಿಗೆ ಸಾರು ನೆತ್ತಿಗೇರಿತು.

ವರದಿಗಾರರ ಕೆಟ್ಟ ಅಭ್ಯಾಸ ಡೆಸ್ಕಿನವರಿಗೂ ಅಂಟಿರುತ್ತದೆ. ಕೊನೆಗೆ ಏನಾದರೂ ಹೇಳಿದರಾ ಎಂದು ಕೇಳಿದೆ.

"ಇನ್ನೇನಂತಾರೆ? ಬಟ್ಟೆ ಅದ್ಕಂಡ್ ಹೋದೆ. 'ಬ್ಯಾಡ ಕಣಮ್ಮಿ' ಅಂದ್ರು. ಇಟ್ಬುಟ್ಟು ಕೈ ಹಿಡ್ಕಂಡ್ ಕುಂತೆ."

ಅದನ್ನು ಅವಳು ಅಳದೆ ಹೇಳಿದಳು, ತನ್ನ ಪಾಲಿಗೆ ಬಂದ ಒಡವೆಯೊಂದನ್ನು ತೋರಿಸುವವಳಂತೆ. ನನ್ನ ಗಂಡ ಹೇಳಿದ ಆ ಎರಡು ಇಂಗ್ಲಿಷ್ ಪದ ನೆನಪಾದವು. ಅವು ನನಗೆ ಹೇಳಿದವೂ ಅಲ್ಲ. ತಲೆ ತಗ್ಗಿಸಿ ಮುದ್ದೆ ಮುರಿದೆ. ಹಸಿವಿರಲಿಲ್ಲ. ಪೂರ್ತಿ ಉಂಡೆ.