ಒಣಗದೆ ಉಳಿದ ಮೂಲೆ

ಅವರ ಪಾದಗಳು ಹಿಮ್ಮಡಿಯಿಂದ ಕಣಕಾಲಿನವರೆಗೆ ಬೆಳ್ಳಗಿರುತ್ತಿದ್ದವು. ದೂರದಿಂದ ನೋಡಿದ ಹೊಸಬರು ಕಾಲುಚೀಲ ಹಾಕಿಕೊಂಡಿದ್ದಾರೆ ಅಂದುಕೊಳ್ಳುತ್ತಿದ್ದರು. ಅದು ಸುಣ್ಣ. ಇಪ್ಪತ್ತೈದು ವರ್ಷ ರೇಷ್ಮೆಹುಳು ಸಾಕುತ್ತ ಹುಳುಮನೆಯಲ್ಲಿ ಎರಚಿದ ಸುಣ್ಣ, ಆಮೇಲೆ ನಮ್ಮ ಕ್ರಿಕೆಟ್ ಮೈದಾನದಲ್ಲಿ ಗೆರೆ ಎಳೆದ ಸುಣ್ಣ, ಎರಡೂ ಸೇರಿ ಚರ್ಮದೊಳಕ್ಕೇ ಇಳಿದುಬಿಟ್ಟಿದ್ದವು. ಹಿಮ್ಮಡಿಯ ಬಿರುಕಿಗೆ ನಾಲ್ಕಾಣೆ ಸಿಕ್ಕಿಸಿದರೆ ಬೀಳುವುದಿಲ್ಲ ಎಂದು ನಾವು ರೇಗಿಸಿದರೆ, ಅವರೇ ಒಂದು ನಾಲ್ಕಾಣೆ ಕೇಳಿ ಪಡೆದು, ಸಿಕ್ಕಿಸಿಕೊಂಡು ಪಿಚ್ಚಿನ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದ್ದರು. ನಾಣ್ಯ ಬೀಳಲಿಲ್ಲ.

ಎಲ್ಲರೂ ಅವರನ್ನು ಗ್ರೌಂಡಣ್ಣ ಎನ್ನುತ್ತಿದ್ದೆವು. ನಮ್ಮೂರು ಕನಕಪುರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿದೆ. ಎರಡು ಸಾವಿರದ ಇಸವಿ ಕಳೆದ ಮೇಲಿನ ನಾಲ್ಕೈದು ವರ್ಷಗಳಲ್ಲಿ ಆ ದಾರಿಯ ಎರಡೂ ಕಡೆ ಕಾಂಪೌಂಡುಗಳೆದ್ದವು, ಹಿಂದೆಯೇ ಶೆಡ್ಡುಗಳು ಎದ್ದವು. ಲಾರಿಗಳ ಧೂಳು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತು ಗ್ರೌಂಡಣ್ಣನ ಹುಳುಗಳು ಎರಡು ಬೆಳೆ ಪೂರ್ತಿ ಸತ್ತವು. ಮೂರನೆಯ ಬೆಳೆಗೆ ಅವರು ಮೊಟ್ಟೆ ತರಲಿಲ್ಲ. ಆಮೇಲೆ ತೋಟವೂ ಕಾರ್ಖಾನೆಗೆ ಹೋಯಿತು. ಉಳಿದದ್ದು ಗೋಮಾಳದ ಅಂಚಿನಲ್ಲಿದ್ದ ಹುಳುಮನೆ ಒಂದೇ. ಆ ಗೋಮಾಳವೇ ನಮ್ಮ ಕ್ಲಬ್ಬಿನ ಮೈದಾನ. ಗಂಡ ಹೆಂಡತಿ ಹುಳುಮನೆಗೇ ಬಂದು ಸೇರಿಕೊಂಡರು. ಅರ್ಧದಲ್ಲಿ ಅವರ ಸಂಸಾರ, ಅರ್ಧದಲ್ಲಿ ನಮ್ಮ ಮ್ಯಾಟು, ಸ್ಟಂಪು, ಗೋಣಿಚೀಲಗಳು. ಮೈದಾನ ನೋಡಿಕೊಳ್ಳಿ ಎಂದು ಯಾರೂ ಅವರಿಗೆ ಹೇಳಿದ ನೆನಪಿಲ್ಲ. ಒಂದು ದಿನ ಬಂದು ನೋಡಿದರೆ ಕಲ್ಲು ಆರಿಸುತ್ತಿದ್ದರು, ಅಷ್ಟೆ.

ಆಟ ಅವರಿಗೆ ತಿಳಿಯುತ್ತಿರಲಿಲ್ಲ. ಕಲಿಸಲು ಹೋದವರಿಗೆ, "ಅದೆಲ್ಲ ನಿಮ್ಗಿರ್ಲಿ ಕಣ್ರಪ್ಪ" ಎನ್ನುತ್ತಿದ್ದರು. ಮ್ಯಾಚು ಮುಗಿದ ಮೇಲೆ ಗೆದ್ದಿರೋ ಸೋತಿರೋ ಎಂದು ಒಂದು ದಿನವೂ ಕೇಳಿದವರಲ್ಲ. ಕೇಳುತ್ತಿದ್ದದ್ದು ಒಂದೇ ಮಾತು.

"ಚೆಂಡು ಎಲ್ಲೂ ನಿಂತ್ಕಳ್ಳಿಲ್ಲ ತಾನೆ?"

ಇಲ್ಲ ಎಂದರೆ ಸಾಕು, ಬೀಡಿ ಹಚ್ಚುತ್ತಿದ್ದರು.

ಮಳೆ ಬಂದು ಹೋದ ಮೇಲೆ ಅವರ ಕೆಲಸ ನೋಡಬೇಕಿತ್ತು. ಮೊದಲು ಮೈದಾನವನ್ನೆಲ್ಲ ಬರಿಗಾಲಲ್ಲಿ ಸುತ್ತುವರು. ಅಲ್ಲಲ್ಲಿ ಕೂತು ಅಂಗೈಯನ್ನಲ್ಲ, ಕೈ ಹಿಂಭಾಗವನ್ನು ನೆಲಕ್ಕೆ ಒತ್ತುವರು, ತಾಯಿ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಆಮೇಲೆ ಒಣಗೋಣಿ ಹಾಸಿ, ತುಳಿದು, ನೀರು ಹೀರಿದ ಮೇಲೆ ಎತ್ತಿ ಹಿಂಡಿ, ಮೇಲೆ ತೆಳ್ಳಗೆ ಸುಣ್ಣ ಎರಚುವರು. ಇದು ಹುಳುಮನೆಯಲ್ಲಿ ಕಲಿತ ವಿದ್ಯೆ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ತಿನ್ನದೆ ತಲೆಯೆತ್ತಿ ಸುಮ್ಮನಿದ್ದುಬಿಡುತ್ತದೆ, ನಮ್ಮ ಕಡೆ ಅದಕ್ಕೆ ಹುಳಕ್ಕೆ ಜ್ವರ ಬಂತು ಎನ್ನುತ್ತಾರೆ. ಆಗ ತೇವ ತಗುಲಿದರೆ ಹುಳು ಕೆಟ್ಟಿತು. ಹಗಲು ರಾತ್ರಿ ಕಾದು ಸುಣ್ಣ ಹೊಡೆದು ಒಣಗಿಸಬೇಕು. ಮೈದಾನದಲ್ಲಿ ನೀರು ನಿಂತರೂ ಅವರ ಮುಖದಲ್ಲಿ ಅದೇ ಗಾಬರಿ ಕಾಣುತ್ತಿತ್ತು. ನಾವು ನಗುತ್ತಿದ್ದೆವು.

ಒಂದು ವರ್ಷ ಗೋಮಾಳಕ್ಕೂ ಸರ್ವೆಯವರು ಬಂದರು. ಕಲ್ಲು ನೆಡುವ ಮುಂಚೆ ಅವರ ಮೇಲಿನವರೊಬ್ಬರು ನಮ್ಮ ಕಾಗದಪತ್ರ ನೋಡಿ, ಲೀಗ್ ಮ್ಯಾಚು ನಡೆಯುವ ಮೈದಾನ ಎಂದಾದರೆ ಸದ್ಯಕ್ಕೆ ಕೈಬಿಡಬಹುದು ಎಂದರು. ಲೀಗ್ ಮ್ಯಾಚು ನಮ್ಮೂರಿನಲ್ಲಿ ನಡೆಯಬೇಕಾದರೆ ನಾವು ಆಡುತ್ತಿದ್ದ ಡಿವಿಷನ್ನಿನಲ್ಲೇ ಉಳಿಯಬೇಕು. ಕೆಳಗಿನ ಡಿವಿಷನ್ನಿನ ಮ್ಯಾಚುಗಳೆಲ್ಲ ಬೆಂಗಳೂರಿನಲ್ಲಿ. ಉಳಿಯಲು ಕಡೆಯ ಮ್ಯಾಚಿನಲ್ಲಿ ಒಂದು ಪಾಯಿಂಟು ಬೇಕಿತ್ತು. ಗೆಲ್ಲಲೇಬೇಕು ಅಂತಿಲ್ಲ, ಮಳೆ ಬಂದು ಮ್ಯಾಚು ನಿಂತರೂ ತಲಾ ಒಂದು ಪಾಯಿಂಟು. ಎದುರಾಳಿ ಹೊಸ ಕಾರ್ಖಾನೆಯೊಂದರ ತಂಡ.

ನಾನು ಆಗ ಕ್ಲಬ್ಬಿನ ಕ್ಯಾಪ್ಟನ್. ಇಪ್ಪತ್ತೇಳು ವರ್ಷ, ಕೆಲಸವಿಲ್ಲ, ಬಾಯಿ ಜಾಸ್ತಿ.

ಮ್ಯಾಚಿನ ದಿನ ಮಧ್ಯಾಹ್ನ ಎರಡೂವರೆಗೆ ಮಳೆ ಹಿಡಿಯಿತು. ನಾವು ಬ್ಯಾಟಿಂಗ್ ಮಾಡುತ್ತಿದ್ದೆವು, ಐದು ವಿಕೆಟ್ ಹೋಗಿದ್ದವು, ಹಿಂದೆ ಬಿದ್ದಿದ್ದೆವು. ನಾನೇ ಕ್ರೀಸಿನಲ್ಲಿದ್ದೆ. ಮಳೆ ಜೋರಾದಾಗ ನನ್ನಷ್ಟು ಸಂತೋಷಪಟ್ಟವನು ಆ ದಿನ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ಮೂರೂವರೆಗೆ ನಿಂತಿತು. ನಾಲ್ಕೂವರೆಯೊಳಗೆ ಆಟ ಶುರುವಾಗದಿದ್ದರೆ ಮ್ಯಾಚು ರದ್ದು ಎಂದು ಅಂಪೈರುಗಳು ಹೇಳಿದರು. ಅವರು ಹೇಳಿ ಮುಗಿಸುವಷ್ಟರಲ್ಲಿ ಗ್ರೌಂಡಣ್ಣ ಗೋಣಿ ಹೊತ್ತು ನೀರಿನೊಳಗೆ ಇಳಿದಾಗಿತ್ತು.

ನಾನು ಓಡಿ ಹೋದೆ.

"ಅಣ್ಣ, ಇವತ್ತು ಬ್ಯಾಡ. ಒಸಿ ನಿಧಾನ ಮಾಡು. ಒಂದು ಗಂಟೆ ಕಳೆದ್ರೆ ಗ್ರೌಂಡು ಉಳ್ಕತದೆ. ನಿನ್ ಮನೇನೂ ಉಳ್ಕತದೆ."

ಅವರು ತುಳಿಯುವುದನ್ನು ನಿಲ್ಲಿಸಲಿಲ್ಲ. "ನೀರು ನಿಂತೈತಲ್ಲಪ್ಪ."

"ನಿಂತ್ಕಳ್ಲಿ ಬುಡಣ್ಣ. ನಿಂಗೇನು ಅರ್ಥ ಆಗಲ್ವ?"

"ಅರ್ಥ ಆಯ್ತದೆ. ಹುಳಕ್ಕೆ ಜ್ವರ ಬಂದೈತೆ ಅಂತ ಗೊತ್ತಿದ್ದೂ ಸುಮ್ಕೆ ಕುಂತ್ಕಳಾದು ನಂಗೆ ಆಗಕಿಲ್ಲ. ನೀವು ಆಡಿ ಗೆಲ್ಲಿ."

ನನಗೆ ಮೈಯೆಲ್ಲ ಉರಿಯಿತು. ಆಡಿ ಗೆಲ್ಲುವ ನಂಬಿಕೆ ನನಗಿರಲಿಲ್ಲ, ಅದನ್ನು ಈ ಮುದುಕನಿಗೆ ಹೇಗೆ ಹೇಳುವುದು. ನಾಲ್ಕು ಗಂಟೆಯ ಹೊತ್ತಿಗೆ ಅವರು ಮುಕ್ಕಾಲು ಮೈದಾನ ಒಣಗಿಸಿದ್ದರು. ಉಳಿದದ್ದು ಲಾಂಗ್ ಆನ್ ಕಡೆಯ ತಗ್ಗು ಮೂಲೆ. ಅಲ್ಲಿಗೆಂದೇ ಒಂದು ಪೇರಿಕೆ ಒಣಗೋಣಿಯನ್ನು ಹುಳುಮನೆಯ ಜಗಲಿಯ ಮೇಲೆ ಎತ್ತಿಟ್ಟಿದ್ದರು. ಹುಡುಗರೆಲ್ಲ ಶಾಮಿಯಾನದಡಿ ಟೀ ಕುಡಿಯುತ್ತಿದ್ದರು. ನಾನು ಹುಳುಮನೆಯ ಹಿಂದಿನಿಂದ ಬಂದು ಆ ಪೇರಿಕೆಯನ್ನು ಎರಡೂ ಕೈಯಿಂದ ಎಳೆದು ಸೂರಿನ ನೀರು ತುಂಬಿದ್ದ ಚರಂಡಿಗೆ ಕೆಡವಿದೆ. ಒಂದೊಂದನ್ನೂ ಅದುಮಿ ಮುಳುಗಿಸಿದೆ. ನೀರು ಬೆಳ್ಳಗಾಯಿತು, ಏಕೆಂದರೆ ಅವೆಲ್ಲ ಹಿಂದೆ ಸುಣ್ಣ ತುಂಬಿಟ್ಟಿದ್ದ ಖಾಲಿ ಚೀಲಗಳು.

ಗೋಣಿಗೆಂದು ಬಂದ ಗ್ರೌಂಡಣ್ಣ ಚರಂಡಿಯ ಮುಂದೆ ಒಂದು ಗಳಿಗೆ ನಿಂತರು. ನಾನು ನಾಲ್ಕು ಮಾರು ದೂರದಲ್ಲಿ ಪ್ಯಾಡ್ ಕಟ್ಟಿಕೊಳ್ಳುತ್ತ ಏನೂ ಅರಿಯದವನಂತೆ ಕೂತಿದ್ದೆ. ಅವರು ನನ್ನ ಕೈ ನೋಡಿದರು. ನಾನೂ ಆಗಲೇ ನೋಡಿಕೊಂಡದ್ದು. ಎರಡು ಅಂಗೈಯೂ ಮಣಿಕಟ್ಟಿನವರೆಗೆ ಬೆಳ್ಳಗಿದ್ದವು.

"ಕೈ ತೊಳ್ಕಳಪ್ಪ," ಎಂದರು. "ಹಸಿಸುಣ್ಣ ಸುಡ್ತದೆ."

ಒದ್ದೆ ಗೋಣಿಗಳನ್ನೇ ಹಿಂಡಿಕೊಂಡು ಆ ಮೂಲೆಗೆ ಹೋದರು. ಒದ್ದೆ ಗೋಣಿ ಎಷ್ಟು ನೀರು ಕುಡಿದೀತು.

ಆ ಮೂಲೆ ನೋಡಿ ಅಂಪೈರುಗಳು ಮ್ಯಾಚು ರದ್ದು ಮಾಡುತ್ತಾರೆ ಎಂಬುದು ನನ್ನ ಲೆಕ್ಕ. ಅವರು ಬಂದರು, ತುಳಿದು ನೋಡಿದರು. ಕಾರ್ಖಾನೆಯ ಕ್ಯಾಪ್ಟನ್ ತನಗೇನೂ ಅಭ್ಯಂತರವಿಲ್ಲ, ತನ್ನ ಫೀಲ್ಡರ್ ನೋಡಿಕೊಳ್ಳುತ್ತಾನೆ ಎಂದ. ಬೌಂಡರಿ ಹತ್ತಿರದ ಒಂದು ಚೂರು ಜಾಗಕ್ಕಾಗಿ ಆಟ ನಿಲ್ಲಿಸಲಾಗದು ಎಂದು ತೀರ್ಮಾನವಾಯಿತು. ನಾಲ್ಕೂಕಾಲಿಗೆ ಆಟ ಶುರು. ಓವರುಗಳನ್ನು ಕಡಿಮೆ ಮಾಡಿ, ರನ್ನನ್ನೂ ಇಳಿಸಿ, ಎಂಟು ಓವರಿನಲ್ಲಿ ನಲವತ್ತೊಂದು ಹೊಡೆಯಿರಿ ಎಂದರು.

ನಾನು ಕೈ ತೊಳೆದಿರಲಿಲ್ಲ. ತೊಳೆಯಲು ನಲ್ಲಿಗೆ ಹೋದರೆ ಅವರ ಮುಂದೆ ಹಾದುಹೋಗಬೇಕಿತ್ತು.

ಕೈ ಉರಿಯುತ್ತಲೇ ಆಡಿದೆ. ಆಶ್ಚರ್ಯ ಅಂದರೆ ಚೆನ್ನಾಗಿಯೇ ಆಡಿದೆ. ಅವರು ಒಣಗಿಸಿದ ನೆಲದ ಮೇಲೆ ಚೆಂಡು ಬೇಸಿಗೆಯಲ್ಲಿ ಓಡುವ ಹಾಗೆ ಓಡುತ್ತಿತ್ತು. ಕಡೆಯ ಚೆಂಡಿಗೆ ಬಂದಾಗ ಗೆಲ್ಲಲು ಮೂರು ರನ್ ಬೇಕಿತ್ತು. ಎರಡಾದರೆ ಟೈ, ಅದಕ್ಕೂ ಒಂದು ಪಾಯಿಂಟು ಇತ್ತು. ಬೌಲರ್ ಕಾಲಿನ ಬುಡಕ್ಕೆ ಹಾಕಿದ, ನಾನು ಹೊಡೆದೆ. ಬ್ಯಾಟಿನ ನಡುವಿಗೇ ತಗುಲಿತು. ಚೆಂಡು ಫೀಲ್ಡರನ್ನು ದಾಟಿ ಲಾಂಗ್ ಆನ್ ಕಡೆ ಹೊರಟಾಗ ಫೋರು ಎಂದುಕೊಂಡು ನಮ್ಮವರು ಒಳಗೆ ಓಡಿ ಬರತೊಡಗಿದ್ದರು.

ಆ ಮೂಲೆಯಲ್ಲಿ ಚೆಂಡು ನಿಂತಿತು. ಗೆರೆಗೆ ಎರಡು ಮಾರು ಇರುವಾಗ ನೀರಿನಲ್ಲಿ ಪಚಕ್ಕೆಂದು ಕೂತುಬಿಟ್ಟಿತು. ಫೋರೆಂದು ಓಟ ನಿಧಾನಿಸಿ, ತಡವಾಗಿ ಎರಡನೆಯ ರನ್ನಿಗೆ ಓಡಿದ ನಾನು ಕ್ರೀಸಿಗೆ ಒಂದು ಗೇಣು ಹಿಂದೆ ಇದ್ದಾಗ ಸ್ಟಂಪು ಹಾರಿತು. ಒಂದು ರನ್ನಿನಿಂದ ಸೋತೆವು.

ಹುಡುಗರ ಸಿಟ್ಟೆಲ್ಲ ಗ್ರೌಂಡಣ್ಣನ ಮೇಲೆ ತಿರುಗಿತು. "ಒಣಗಿಸಾದಾದ್ರೆ ಪೂರ್ತಿ ಒಣಗಿಸ್ಬೇಕಿತ್ತು, ಇಲ್ಲಾಂದ್ರೆ ಸುಮ್ಕಿರ್ಬೇಕಿತ್ತು" ಎಂದು ಒಬ್ಬ ಕೂಗಾಡಿದ. ಇನ್ನೊಬ್ಬ, ಕೋಡಿಹಳ್ಳಿಯಿಂದ ಬಸ್ಸಿನಲ್ಲಿ ಬಂದು ಆಡುತ್ತಿದ್ದ ನಮ್ಮ ವಿಕೆಟ್ ಕೀಪರ್, ಅವರ ಮುಖದ ಹತ್ತಿರ ಹೋಗಿ ಕೇಳಿದ. "ಅದೊಂದ್ ಮೂಲೆ ಯಾಕ್ ಬುಟ್ಟೆ ಹೇಳಣ್ಣ. ಕಾರ್ಖಾನೆಯೋರು ಏನಾರ ಕೊಟ್ರಾ?"

ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ಹೀಗೆಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ, ಅದು ಸುಳ್ಳು.

"ಗೋಣಿ ಸಾಲ್ಲಿಲ್ಲ ಕಣಪ್ಪ," ಎಂದರು. "ತಪ್ಪಾಯ್ತು."

ಆ ದಿನ ಮಾತ್ರ ಚೆಂಡು ಎಲ್ಲಾದರೂ ನಿಂತಿತೇ ಎಂದು ಅವರು ಕೇಳಲಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಗೋಮಾಳದ ಸುತ್ತ ಕಲ್ಲು ನೆಟ್ಟರು. ಹುಳುಮನೆ ಒಡೆಯುವ ದಿನ ಗ್ರೌಂಡಣ್ಣ ಹಳೆಯ ರೋಲರಿನ ಮೇಲೆ ಕೂತು ನೋಡುತ್ತಿದ್ದರಂತೆ. ನಾನು ಹೋಗಲಿಲ್ಲ. ಊರಿನಲ್ಲಿ ಅವರನ್ನು ಯಾರೂ ಹೊಡೆಯಲಿಲ್ಲ ಬಡಿಯಲಿಲ್ಲ, ಮಾತಾಡಿಸುವುದನ್ನು ನಿಲ್ಲಿಸಿದರು. ಟೀ ಅಂಗಡಿಗೆ ಅವರು ಬಂದರೆ ಬೆಂಚಿನ ಮೇಲಿನ ಹುಡುಗರು ಎದ್ದು ಹೋಗುತ್ತಿದ್ದರು. ನಾನೂ ಎದ್ದು ಹೋಗಿದ್ದೇನೆ.

ಮೂರು ವರ್ಷದ ನಂತರ ಅದೇ ಜಾಗದಲ್ಲಿ ಎದ್ದ ಕಾರ್ಖಾನೆಯ ಸ್ಟೋರಿನಲ್ಲಿ ನನಗೆ ಕೆಲಸ ಸಿಕ್ಕಿತು. ಹೋದ ಮೊದಲ ದಿನವೇ ನೋಡಿದೆ, ಗೇಟಿನ ಪಕ್ಕದ ಹುಲ್ಲುಹಾಸಿಗೆ ಪೈಪು ಹಿಡಿದು ನೀರು ಬಿಡುತ್ತಿದ್ದರು. ಕಾಲಿಗೆ ಕಂಪನಿಯ ಕರಿ ಗಮ್‌ಬೂಟು. ಇಡೀ ಆಯುಷ್ಯ ತೇವ ಒಣಗಿಸಿದ ಮನುಷ್ಯನಿಗೆ ಕೊನೆಗೆ ಸಿಕ್ಕಿದ ಕೆಲಸ ನೆಲ ನೆನೆಸುವುದು. ಒಂದು ದಿನ ಧೈರ್ಯ ಮಾಡಿ ಹತ್ತಿರ ಹೋದೆ.

"ಅಣ್ಣ, ಅವತ್ತು ಗೋಣಿ..."

"ಹುಲ್ಲು ತುಳಿಬ್ಯಾಡ, ಈಚೆ ಬಾ," ಎಂದರು. ಈಚೆ ಬಂದೆ. ಊಟ ಆಯ್ತಾ ಎಂದು ಕೇಳಿದರು. ಆಯ್ತು ಎಂದೆ. ಪೈಪು ಎಳೆದುಕೊಂಡು ಆ ಕಡೆ ಹೋದರು. ನಾನು ಮತ್ತೆ ಬಾಯಿ ತೆರೆಯಲಿಲ್ಲ, ಅವರಿಗೆ ಬೇಡವಾಗಿದೆ ಎಂದು ತೀರ್ಮಾನಿಸಿಬಿಟ್ಟೆ. ನನಗೆ ಅನುಕೂಲವಾದ ತೀರ್ಮಾನ.

ಎರಡು ಮಳೆಗಾಲ ಕಳೆದ ಮೇಲೆ ಎದೆನೋವು ಬಂದು, ರಾಮನಗರದ ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋಗಿಬಿಟ್ಟರು. ಅವರು ಬಾಡಿಗೆಗಿದ್ದ ಶೀಟಿನ ಮನೆಯ ಮುಂದೆ ಮಲಗಿಸಿದ್ದರು. ಬಂದವರು ಹತ್ತು ಹನ್ನೆರಡು ಜನ, ಕ್ಲಬ್ಬಿನವರಲ್ಲಿ ನಾನೊಬ್ಬನೇ. ಹೊದಿಕೆಯ ಹೊರಗೆ ಪಾದ ಕಾಣುತ್ತಿದ್ದವು. ಗಮ್‌ಬೂಟಿನೊಳಗೆ ವರ್ಷಗಟ್ಟಲೆ ಇದ್ದು ಬಿರುಕು ಕೂಡಿಕೊಂಡಿತ್ತು, ಬಿಳುಪು ಹೋಗಿತ್ತು. ಯಾರದೋ ಪಾದದ ಹಾಗಿದ್ದವು.

ಮಣ್ಣು ಮುಗಿಸಿ ಹೊರಡುವಾಗ ಅವರ ಹೆಂಡತಿ ನನ್ನನ್ನು ಕರೆದರು. ನಾವೆಲ್ಲ ಅಕ್ಕ ಎನ್ನುತ್ತಿದ್ದ ಹೆಂಗಸು, ಹುಳುಮನೆಯಲ್ಲಿ ಎಷ್ಟೋ ಸಲ ನಮಗೆ ನೀರುಮಜ್ಜಿಗೆ ಕೊಟ್ಟವರು. ಗಂಡ ಆಕೆಗೂ ಹೇಳಿರಲಿಲ್ಲ ಎಂಬುದು ಆಗ ತಿಳಿಯಿತು.

"ಅವತ್ತು ಅದೊಂದ್ ಮೂಲೆ ಬುಟ್ಬುಟ್ರು ಅಂತ ನಿಮ್ಗೆಲ್ಲ ಬೇಜಾರೈತೆ, ನಂಗೊತ್ತು," ಎಂದರು. "ಗೋಣಿ ಸಾಲ್ಲಿಲ್ಲ ಅಂತ ಸಾಯೋಗಂಟ ಅಂತಿದ್ರು ಕಣಪ್ಪ. ಬೇಕಂತ ಬುಟ್ಟೋರಲ್ಲ. ಮನಸಲ್ಲಿ ಇಟ್ಕಬ್ಯಾಡ. ಹೋದೋರನ್ನ ಕ್ಷಮಿಸ್ಬುಡು."

ಕೈಮುಗಿದು ನಿಂತಿದ್ದರು. ಅಕ್ಕಪಕ್ಕದವರು ನೋಡುತ್ತಿದ್ದರು. ನಾನು ನನ್ನ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

"ಆಯ್ತು ಬುಡಕ್ಕ," ಎಂದೆ. "ನಾವು ಅದನ್ನೆಲ್ಲ ಎಂದೋ ಮರ್ತ್ವಿ."